ಡಿ ಸಾಲಿನ ಎಂಟನೇ ಹಾಡು

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂದಿನ ಗಲ್ಲಿಯ ಹಳೆಯ ಹೋಟೆಲೊಂದರಲ್ಲಿ ಎರಡು ಲಿಫ್ಟುಗಳಿದ್ದವು. ಹನ್ನೊಂದು ವರ್ಷಗಳಿಂದ ಅವುಗಳ ರಿಪೇರಿ ಪರಸಪ್ಪನದೇ. 1999ರ ನವೆಂಬರಿನ ಒಂದು ಮಂಗಳವಾರ ಅವನು ಕೆಲಸ ಮುಗಿಸಿ ಚೀಲ ಹೆಗಲಿಗೇರಿಸುತ್ತಿದ್ದಾಗ, ಅಲ್ಲಿನ ರೆಸ್ಟೋರೆಂಟ್ ನೋಡಿಕೊಳ್ಳುತ್ತಿದ್ದ ಮೆಟಿಲ್ಡಾ ಅಡ್ಡ ನಿಂತಳು. ಅವಳು ಮಂಗಳೂರಿನವಳು.

"ಪರಸಪ್ಪಣ್ಣ, ನಮ್ಮ ಜ್ಯೂಕ್‌ಬಾಕ್ಸನ್ನು ಒಮ್ಮೆ ನೋಡ್ತೀರಾ?"

"ನಾನು ಲಿಫ್ಟಿನವ ರೀ. ಹಾಡಿನ ಪೆಟ್ಟಿಗಿ ನನಗೇನು ಗೊತ್ತು?"

"ಗುಂಡಿ ಒತ್ತಿದರೆ ಬೇಕಾದ ಕಡೆ ಹೋಗಿ ನಿಲ್ಲಬೇಕು. ಲಿಫ್ಟೂ ಅದೇ ಅಲ್ವಾ ಮಾರಾಯ್ರೆ?"

ಪರಸಪ್ಪನಿಗೆ ನಗು ಬಂತು. ಒಳಗೆ ಹೋಗಿ ನೋಡಿದ. ಗೋಡೆಗೆ ಒರಗಿದ್ದ ಆ ಪೆಟ್ಟಿಗೆಯೊಳಗೆ ಐವತ್ತು ರೆಕಾರ್ಡುಗಳು ಸಾಲಾಗಿ ನಿಂತಿದ್ದವು; ಬದಿಗೊಂದರಂತೆ ಒಟ್ಟು ನೂರು ಹಾಡು. ಒಂದು ಅಕ್ಷರ, ಒಂದು ಅಂಕಿ ಒತ್ತಿದರೆ ಒಳಗಿನ ಕೈ ಆ ರೆಕಾರ್ಡನ್ನು ಎತ್ತಿ ಹಾಡಿಸಬೇಕು. ಈಗ ಕೆಲವು ಗುಂಡಿಗಳಿಗೆ ಅದು ಅಲುಗಾಡುತ್ತಲೇ ಇರಲಿಲ್ಲ. ಕೆಲವಕ್ಕೆ ಬೇರೆಯೇ ಹಾಡು ಬರುತ್ತಿತ್ತು.

ಬರುವ ಶುಕ್ರವಾರ ಮಧ್ಯಾಹ್ನ ಆನ್ಸೆಲ್ಮ್ ಮತ್ತು ಗ್ರೇಸಿ ಎಂಬ ದಂಪತಿಯ ಮದುವೆಯ ಇಪ್ಪತ್ತೈದನೇ ವರ್ಷದ ಊಟ ಇಲ್ಲೇ ಇತ್ತು. ಅವರು ಮದುವೆಯಾದ ದಿನ ಕುಣಿದದ್ದು ಇದೇ ಹಾಲಿನಲ್ಲಿ, ಇದೇ ಪೆಟ್ಟಿಗೆ ಹಾಡಿಸಿದ ಒಂದು ವಾಲ್ಟ್ಜಿಗೆ. ಅದು ಡಿ ಸಾಲಿನ ಎಂಟನೇ ಹಾಡು. ಗ್ರೇಸಿ ಊಟಕ್ಕಿಂತ ಮೊದಲು ಕೇಳಿದ್ದೇ ಅದನ್ನು.

"ಡಿ ಎಂಟು ಒತ್ತಿದರೆ ಕಲ್ಲಿನ ಹಾಗೆ ಕೂತಿರ್ತದೆ. ಮೇಲಿಂದ ನಮ್ಮ ಮ್ಯಾನೇಜರು, ಶನಿವಾರ ಇದನ್ನು ಗುಜರಿಗೆ ಕಳಿಸಿ ಖಲಾಸ್ ಮಾಡ್ತೇನೆ ಅಂತಿದ್ದಾರೆ," ಎಂದಳು ಮೆಟಿಲ್ಡಾ.

ಬುಧವಾರ ಪರಸಪ್ಪ ರಜೆ ಹಾಕಿ ಬಂದ. ಹಿಂಬದಿಯ ಹಲಗೆ ಬಿಚ್ಚಿ, ಹಾಡಿಗೊಂದರಂತೆ ಒಳಗಿದ್ದ ನೂರು ಸಣ್ಣ ಕಡ್ಡಿಗಳನ್ನು ಒಂದೊಂದಾಗಿ ಒರೆಸಿದ. ಕೂತ ಕೂತಲ್ಲೇ ಬೆನ್ನು ಹಿಡಿಯಿತು. ಸಂಜೆ ಗುಂಡಿ ಒತ್ತಿದರೆ ಮೊದಲು ಹೇಗಿತ್ತೋ ಹಾಗೇ. ಲಿಫ್ಟಿನ ಕೆಲಸದಲ್ಲಿ ಅವನು ಇಷ್ಟು ಸೋತದ್ದಿರಲಿಲ್ಲ.

ಗುರುವಾರ ಅರ್ಧ ದಿನದ ಕೆಲಸ. ಮಧ್ಯಾಹ್ನ ಹೆಂಡತಿ ಕಮಲಾಬಾಯಿಯನ್ನು ಪೇಟೆಗೆ ಕರೆದೊಯ್ಯುವುದಾಗಿ ಮಾತು ಕೊಟ್ಟಿದ್ದ. ಅವಳು ಅಬುಧಾಬಿಗೆ ಬಂದು ಎಂಟು ತಿಂಗಳು. ಗುಳೇದಗುಡ್ಡದಲ್ಲಿ ಹನ್ನೆರಡನೇ ವಯಸ್ಸಿನಿಂದ ಮಗ್ಗದ ಮೇಲೆ ಕೂತು ಕುಪ್ಪಸದ ಖಣ ನೇಯ್ದವಳು. ಇಲ್ಲಿ ಒಂದು ಕೋಣೆಯ ಮನೆ. ಬೆಳಿಗ್ಗೆ ಎಂಟಕ್ಕೆಲ್ಲ ಅಡುಗೆ ಮುಗಿದರೆ ಮುಂದೆ ಇಡೀ ದಿನ ಕಿಟಕಿ. ಒಂದು ಸಲ ಪರಸಪ್ಪ ಮನೆಗೆ ಬಂದಾಗ ಅವಳು ತನ್ನ ಹಳೆಯ ಸೀರೆಯ ಅಂಚಿನ ಎಳೆಗಳನ್ನು ಬಿಡಿಸಿ ಮತ್ತೆ ಸೇರಿಸುತ್ತಿದ್ದಳು.

"ಪೇಟಿಗೆ ಆಮ್ಯಾಲ ಹೋಗೂಣು. ಮೊದಲ ಹೋಟೆಲಿಗೆ ಬಾ, ಒಂದ್ ತಾಸಿನ ಕೆಲಸ ಐತಿ," ಎಂದ.

ಮಧ್ಯಾಹ್ನ ಮೂರಕ್ಕೆ ರೆಸ್ಟೋರೆಂಟ್ ಮುಚ್ಚಿತ್ತು. ಮೆಟಿಲ್ಡಾ ಕಮಲಾಬಾಯಿಗೆ ಚಹಾ ಕೊಟ್ಟು ಕೂರಿಸಿದಳು. ಪರಸಪ್ಪ ಮತ್ತೆ ಕಡ್ಡಿಗಳನ್ನು ಒರೆಸತೊಡಗಿದ. ಕಮಲಾಬಾಯಿ ಚಹಾ ಕುಡಿಯುತ್ತ ನೋಡಿದಳು. ಆಮೇಲೆ ಎದ್ದು ಬಂದು ಅವನ ಹೆಗಲ ಮೇಲಿಂದ ಇಣುಕಿದಳು.

"ರೀ, ಯಾವ್ಯಾವ ಗುಂಡಿ ಕೆಟ್ಟಾವು?"

"ಅದs ಗೊತ್ತಾಗವಲ್ದು. ಕೆಲವು ಸರಿ ಅದಾವ, ಕೆಲವು ಇಲ್ಲ."

"ಎಲ್ಲಾ ಒತ್ತಿ ನೋಡೀರೇನು?"

ಪರಸಪ್ಪ ಒರೆಸುವ ಬಟ್ಟೆ ಕೆಳಗಿಟ್ಟ. ನೂರೂ ಒತ್ತಿ ನೋಡಿರಲಿಲ್ಲ.

ಕಮಲಾಬಾಯಿ ಮೆಟಿಲ್ಡಾಳಿಂದ ಒಂದು ಕಾಗದ ಇಸಿದುಕೊಂಡು ಅಡ್ಡ ಹತ್ತು, ಉದ್ದ ಹತ್ತು ಚೌಕ ಮನೆಗಳನ್ನು ಗೀಚಿದಳು. ಊರಿನಲ್ಲಿ ಖಣದ ಹೂವನ್ನು ನೇಯುವ ಮೊದಲು ಹೀಗೇ ಮನೆ ಬರೆದು ತುಂಬುತ್ತಿದ್ದರು. "ನೀವು ಒತ್ತುತಾ ಹೋಗ್ರಿ. ಅಕ್ಕಾರ, ಹಾಡು ಸರಿ ಬಂದ್ರ ಹೂಂ ಅನ್ರಿ. ನಾನು ಮನಿ ತುಂಬತೀನಿ. ತಪ್ಪಿದ್ರ ಖಾಲಿ ಬಿಡತೀನಿ."

ಇಂಗ್ಲಿಷ್ ಅಕ್ಷರಗಳ ಹೆಸರು ಅವಳಿಗೆ ಬರುತ್ತಿರಲಿಲ್ಲ. ಮೊದಲ ಸಾಲು, ಎರಡನೇ ಸಾಲು ಎಂದು ಎಣಿಸಿಕೊಂಡಳು. ಪರಸಪ್ಪ ಒತ್ತಿದ. ಪ್ರತಿ ಹಾಡಿನ ನಾಲ್ಕು ಸ್ವರ ಕೇಳುತ್ತಲೇ ಮೆಟಿಲ್ಡಾ "ಹೂಂ" ಅಥವಾ "ಅಲ್ಲ" ಎಂದಳು. ಎಲ್ಲ ಹಾಡುಗಳೂ ಅವಳಿಗೆ ಬಾಯಿಪಾಠ. ನೂರು ಮುಗಿಯುವಾಗ ನಾಲ್ಕೂವರೆ ಆಗಿತ್ತು.

ಕಮಲಾಬಾಯಿ ಕಾಗದವನ್ನು ಮೇಜಿನ ಮೇಲೆ ಇಟ್ಟಳು. ಒಂದು ತುಂಬಿದ ಪಟ್ಟಿ, ಒಂದು ಖಾಲಿ ಪಟ್ಟಿ, ಮತ್ತೆ ತುಂಬಿದ್ದು, ಮತ್ತೆ ಖಾಲಿ. ಮೇಲಿಂದ ಕೆಳಗೆ ಹತ್ತು ಪಟ್ಟಿಗಳು. ಅವುಗಳನ್ನು ಅಡ್ಡಕ್ಕೆ ಕತ್ತರಿಸಿದಂತೆ ನಾಲ್ಕನೇ ಸಾಲು ಪೂರ್ತಿ ಖಾಲಿ.

"ಒಂದ್ ಎಳಿ ಹರಿದ್ರ ಒಂದ್ ಕಡೆ ತಪ್ಪತೈತಿ," ಎಂದಳು. "ಪಟ್ಟಿ ಪಟ್ಟೀನ ತಪ್ಪಿದ್ರ ಎಳಿದಲ್ಲ ತಪ್ಪು. ಎಲ್ಲಾ ಎಳಿ ಎತ್ತೂದು ಒಂದ್ ಏನರ ಇರತದಲ್ಲ, ಅದು ಕೆಟ್ಟಿರತೈತಿ. ನೀವು ಒಂದೊಂದs ಎಳಿ ಒರಸಾಕ ಹತ್ತೀರಿ."

ಪರಸಪ್ಪ ಕಾಗದವನ್ನು ದಿಟ್ಟಿಸಿದ. ಖಾಲಿ ಪಟ್ಟಿಗಳೆಲ್ಲ ಸಮ ಅಂಕಿಗಳು. ಎರಡು ಒತ್ತಿದರೆ ಒಂದರ ಹಾಡು, ನಾಲ್ಕು ಒತ್ತಿದರೆ ಮೂರರ ಹಾಡು. ಅಂದರೆ ರೆಕಾರ್ಡು ಸರಿಯಾದದ್ದೇ, ಬದಿ ಮಾತ್ರ ತಪ್ಪು. ಹಾಡುವ ಬದಿಯನ್ನು ಬದಲಿಸುವ ಸಲಾಕೆ ಇಡೀ ಪೆಟ್ಟಿಗೆಗೆ ಒಂದೇ. ಟಾರ್ಚ್ ಹಿಡಿದು ಹುಡುಕಿದ. ಎಷ್ಟೋ ವರ್ಷಗಳ ಗ್ರೀಸು ಮೇಣದಂತೆ ಗಟ್ಟಿಯಾಗಿ ಅದನ್ನು ಒಂದೇ ಕಡೆ ಹಿಡಿದುಬಿಟ್ಟಿತ್ತು. ಪೂರ್ತಿ ಖಾಲಿಯಾದ ನಾಲ್ಕನೇ ಸಾಲೆಂದರೆ ಡಿ; ಅದಕ್ಕೆ ಕರೆಂಟು ಒಯ್ಯುವ ತಂತಿ ನೋಡುವುದಕ್ಕೆ ಗಟ್ಟಿಯಾಗಿಯೇ ಇತ್ತು. ಚಿಮಟದಿಂದ ಮೆಲ್ಲಗೆ ಎಳೆದರೆ ಕೈಗೇ ಬಂತು.

ತಂತಿಯನ್ನು ಮೊದಲು ಬೆಸೆದ. ಮೆಟಿಲ್ಡಾ ತಡೆಯಲಾರದೆ ಡಿ ಎಂಟು ಒತ್ತಿದಳು. ಕೈ ಎದ್ದಿತು, ರೆಕಾರ್ಡು ಬಂತು. ಆದರೆ ಅದು ವಾಲ್ಟ್ಜ್ ಅಲ್ಲ, ಅದರ ಹಿಂಬದಿಯ ಹಾಡು. ಅವಳ ಮುಖ ಸಣ್ಣದಾಯಿತು.

"ಪಟ್ಟಿ ತಪ್ಪು ಇನ್ನೂ ಬಾಕಿ ಐತಲ್ರಿ ಅಕ್ಕಾರ," ಎಂದಳು ಕಮಲಾಬಾಯಿ.

ಸಲಾಕೆಯ ಗ್ರೀಸನ್ನು ಸ್ಪಿರಿಟಿನಿಂದ ಕರಗಿಸಿ, ಒರೆಸಿ, ಒಂದು ಹನಿ ತೆಳು ಎಣ್ಣೆ ಬಿಡಲು ಮುಕ್ಕಾಲು ಗಂಟೆ ಹಿಡಿಯಿತು. ಪರಸಪ್ಪ ಈ ಸಲ ಗುಂಡಿ ಒತ್ತಲಿಲ್ಲ. "ನೀನs ಒತ್ತು," ಎಂದು ಹೆಂಡತಿಗೆ ಜಾಗ ಬಿಟ್ಟ. ಕಮಲಾಬಾಯಿ ನಾಲ್ಕನೇ ಅಕ್ಷರ ಎಣಿಸಿ ಒತ್ತಿದಳು, ಆಮೇಲೆ ಎಂಟು. ಸಲಾಕೆ ಟಕ್ಕೆಂದು ಹೊರಳಿತು. ಖಾಲಿ ಹಾಲಿನಲ್ಲಿ ವಾಲ್ಟ್ಜ್ ಶುರುವಾಯಿತು. ಮೆಟಿಲ್ಡಾ ಕಮಲಾಬಾಯಿಯ ಎರಡೂ ಕೈ ಹಿಡಿದು ಒಂದು ಸುತ್ತು ತಿರುಗಿಸಿಯೇಬಿಟ್ಟಳು. ಕಮಲಾಬಾಯಿ ನಾಚಿ ತಲೆ ತಗ್ಗಿಸಿ ನಕ್ಕರೂ ಕೈ ಬಿಡಿಸಿಕೊಳ್ಳಲಿಲ್ಲ. ಪರಸಪ್ಪ ಅವಳು ಹಾಗೆ ನಕ್ಕದ್ದನ್ನು ಈ ಊರಿಗೆ ಬಂದ ಮೇಲೆ ಕಂಡಿರಲಿಲ್ಲ.

ಶುಕ್ರವಾರ ಆನ್ಸೆಲ್ಮ್ ಕುಣಿಯುವಾಗ ಎರಡು ಸಲ ಗ್ರೇಸಿಯ ಕಾಲು ತುಳಿದ. ನೆಂಟರೆಲ್ಲ ನಕ್ಕರು. ಮಕ್ಕಳು ಪೆಟ್ಟಿಗೆಯ ಮುಂದೆ ಸಾಲು ನಿಂತು ಸಂಜೆಯವರೆಗೂ ಗುಂಡಿ ಒತ್ತಿದರು. ಮ್ಯಾನೇಜರು ಬಾಗಿಲಲ್ಲಿ ನಿಂತು ತುಂಬಿದ ಹಾಲನ್ನು ನೋಡಿದರು. ಶನಿವಾರದ ಗುಜರಿ ಲಾರಿಗೆ ಬರಬೇಡವೆಂದು ಫೋನ್ ಹೋಯಿತು.

ಮರುವಾರ ಮೆಟಿಲ್ಡಾ ಅವರ ಮನೆಗೆ ಬಂದಳು. ಅವಳ ಕೈಯಲ್ಲಿ ನಡುವೆ ಹರಿದ ದೊಡ್ಡ ಮೇಜುಬಟ್ಟೆಯಿತ್ತು. "ಇಂಥವು ನಮ್ಮಲ್ಲಿ ನಲವತ್ತು ಉಂಟು. ರಫೂ ಮಾಡಲಿಕ್ಕೆ ಜನ ಸಿಗುವುದಿಲ್ಲ. ಹೋಟೆಲಿನವರೇ ಕೆಲಸ ಕೊಡ್ತಾರೆ. ಪರಸಪ್ಪಣ್ಣ, ಗಂಡನ ಒಪ್ಪಿಗೆ ಇದೆ ಅಂತ ಎನ್ಒಸಿ ಬರೆದುಕೊಟ್ಟರೆ ಸಾಕು."

ಪರಸಪ್ಪ ಪೆನ್ನು ಹುಡುಕತೊಡಗಿದ. ಕಮಲಾಬಾಯಿ ಆಗಲೇ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹರಿದ ಕಡೆಯ ಎಳೆಗಳನ್ನು ಉಗುರಿನಿಂದ ಎಣಿಸುತ್ತಿದ್ದಳು.

"ದಾರ ಇದs ನಂಬರಿಂದು ಬೇಕು ಅಕ್ಕಾರ," ಎಂದಳು, ತಲೆ ಎತ್ತದೆ. "ದಪ್ಪಂದು ತಂದ್ರ ನಾನು ಮುಟ್ಟೂದಿಲ್ಲ ನೋಡ್ರಿ."