ಜಗಿದ ದಾರದ ಗ್ಲೌಸ್

ಹಳೆಯ ಬೇಸ್‌ಬಾಲ್ ಗ್ಲೌಸಿಗೆ ಬೆಲೆ ಕಟ್ಟುವುದು ನನ್ನ ಕಸುಬು. ಅಪ್ಪನ ಕಾಲದಲ್ಲಿ ಇದೇ ಅಂಗಡಿಯಲ್ಲಿ ಬೂಟು ಹೊಲಿಯುತ್ತಿದ್ದೆವು. ಜನ ಬೂಟು ಹೊಲಿಸುವುದನ್ನು ಬಿಟ್ಟರು, ನಾನು ತೊಗಲಿನ ಸಹವಾಸ ಬಿಡಲಿಲ್ಲ. ಈಗ ಎಲ್ಲೆಲ್ಲಿಂದಲೋ ಫೋಟೊ ಕಳಿಸಿ, "ನೆಡ್ರಾ, ಆನ್‌ಲೈನ್ ಹರಾಜಿನಲ್ಲಿ ಇದು ಎಷ್ಟಕ್ಕೆ ಹೋದೀತು?" ಎಂದು ಕೇಳುತ್ತಾರೆ. ನಾನು ಫೋಟೊ ಹಿಗ್ಗಿಸಿ ನೋಡಿ ಹೇಳುತ್ತೇನೆ. ಮಸ್ಕಟೀನ್‌ನಂಥ ನದಿ ದಂಡೆಯ ಸಣ್ಣ ಊರಿನಲ್ಲಿ ಎಪ್ಪತ್ತು ದಾಟಿದ ಹೆಂಗಸಿಗೆ ಇಷ್ಟು ಕೆಲಸ ಸಾಕು.

ಕೇಳಿದವರಿಗೆ ನನ್ನ ಉತ್ತರ ಸಾಮಾನ್ಯವಾಗಿ ರುಚಿಸುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಮಾರುವವರಿಗೆ ಅವರವರ ಗ್ಲೌಸೂ ಹಾಗೆಯೇ. "ನಮ್ಮ ತಾತ ಆಡಿದ್ದು, ಸಾವಿರ ಡಾಲರಿಗೆ ಕಡಿಮೆಯಿಲ್ಲ" ಎಂದು ಎದೆ ತಟ್ಟಿಕೊಳ್ಳುತ್ತಾರೆ. ಹರಾಜಿನಲ್ಲಿ ತಾತನನ್ನು ಯಾರೂ ಕೊಳ್ಳುವುದಿಲ್ಲ. ಕಾರ್ಖಾನೆಯ ಮುದ್ರೆ ಅಳಿಸಿದ್ದರೆ ಬೆಲೆ ಇಳಿಯಿತು, ಒಳಗಿನ ತೊಗಲು ಹರಿದಿದ್ದರೆ ಇನ್ನಷ್ಟು ಇಳಿಯಿತು, ಹುಡುಗ ಶಾಯಿಯಲ್ಲಿ ತನ್ನ ಹೆಸರು ಬರೆದುಕೊಂಡಿದ್ದರೆ ಅರ್ಧಕ್ಕರ್ಧ ಹೋಯಿತು. ಯಾರೂ ಕೈಯನ್ನೇ ಹಾಕದ, ಡಬ್ಬಿಯಲ್ಲೇ ಉಳಿದ ಗ್ಲೌಸಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಈ ಲೆಕ್ಕ ನನಗೆ ಎಂದೂ ಸರಿಯೆನಿಸಿಲ್ಲ. ಆದರೂ ನನ್ನ ಅನ್ನ ಅದರಲ್ಲೇ ಇದೆ.

ಹಾರ್ಲನ್ ಫ್ರಿಟ್ಸ್ ದಿನಾ ಬೆಳಿಗ್ಗೆ ಕಾಫಿಗೆ ನನ್ನ ಅಂಗಡಿಗೆ ಬರುತ್ತಾನೆ. ಶಾಲೆಯಲ್ಲಿ ಒಂದೇ ಬೆಂಚು ನಾವು. ಅಂಗಿ ಗುಂಡಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಒಂಟಿ, ಮಾತು ಕಡಿಮೆ. ನಾನು ಹರಾಜಿಗೆ ಹೊಸದಾಗಿ ಬಂದ ಗ್ಲೌಸುಗಳನ್ನು ಒಂದೊಂದಾಗಿ ನೋಡುತ್ತ ಮಾರುವವರನ್ನು ಬೈಯುತ್ತಿರುತ್ತೇನೆ, ಅವನು ಕೇಳುತ್ತಿರುತ್ತಾನೆ. ಮಾರ್ಚ್ ತಿಂಗಳ ಆ ಬೆಳಿಗ್ಗೆಯೂ ಹಾಗೆಯೇ ಕುಳಿತಿದ್ದೆವು.

"ನೋಡೋ ಇವನನ್ನ," ಅಂದೆ. "ಎಡಗೈ ಗ್ಲೌಸ್ ಅಂತ ಬರೆದಿದಾನೆ. ಎಡಗೈಲಿ ಎಸೆಯೋರು ಬಲಗೈಗೆ ಹಾಕ್ಕೊಳ್ಳೋದು ಇದು. ಅಷ್ಟೂ ಗೊತ್ತಿಲ್ಲ, ವ್ಯಾಪಾರಕ್ಕೆ ಇಳಿದಿದಾನೆ. ದಾರ ಬೇರೆ ನಾಯಿ ಕಚ್ಚಿದ ಹಾಗಿದೆ."

ಹಾರ್ಲನ್ ಕಾಫಿ ಲೋಟ ಕೆಳಗಿಟ್ಟ. "ದೊಡ್ಡದು ಮಾಡು."

ಮಾಡಿದೆ. ಮಣಿಕಟ್ಟಿನ ಹತ್ತಿರದ ತೊಗಲಿನ ದಾರದ ತುದಿ ಜಗಿದು ಜಗಿದು ಚಪ್ಪಟೆಯಾಗಿತ್ತು, ಹಲ್ಲಿನ ಗುರುತು ಎದ್ದು ಕಾಣುತ್ತಿತ್ತು. ಆಗ ನನಗೂ ಗೊತ್ತಾಯಿತು. ನನ್ನ ನಾಲಿಗೆಗೆ ಬೆಂಕಿ ಬೀಳಲಿ ಅಂದುಕೊಂಡೆ.

"ನಾಯಿ ಅಲ್ಲ ನೆಡ್ರಾ," ಅಂದ ಹಾರ್ಲನ್. "ನಮ್ಮ ಕಿಪ್."

ಕಿಪ್ ಅವನ ಒಬ್ಬನೇ ಮಗ. ಎಡಗೈಯಲ್ಲಿ ಎಸೆಯುತ್ತಿದ್ದ. ಅಂಥವರಿಗೆ ಒಳ್ಳೆಯ ಗ್ಲೌಸ್ ಸುಲಭಕ್ಕೆ ಸಿಗುತ್ತಿರಲಿಲ್ಲ. ಹಾರ್ಲನ್ ಊರೂರು ಸುತ್ತಿ, ಡ್ಯಾವೆನ್‌ಪೋರ್ಟ್‌ನ ಒಬ್ಬ ಹಳೆಯ ಆಟಗಾರನಿಂದ ಇದನ್ನು ತಂದುಕೊಟ್ಟಿದ್ದ. ಹುಡುಗ ಮೈದಾನದ ತುದಿಯಲ್ಲಿ ಚೆಂಡಿಗೆ ಕಾಯುತ್ತ ನಿಂತಾಗ ದಾರ ಜಗಿಯುತ್ತಿದ್ದ. ಅವರಮ್ಮ ಲೊರೆಟ್ಟಾ, ಹಾರ್ಲನ್ ಬಾಯಲ್ಲಿ ಲೋರಿ, ಬೇಲಿಯಾಚೆಯಿಂದ, "ಮನೇಲಿ ಊಟ ಹಾಕಲ್ವೇನೋ ನಿಂಗೆ!" ಎಂದು ಕೂಗುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಹದಿನಾರನೆಯ ವಯಸ್ಸಿನಲ್ಲಿ, ಒಂದು ಫೆಬ್ರವರಿಯಲ್ಲಿ, ಹೆಪ್ಪುಗಟ್ಟಿದ ನದಿಯ ಮೇಲೆ ನಡೆದುಹೋದ ಕಿಪ್ ಮಂಜುಗಡ್ಡೆ ಒಡೆದು ಒಳಗೆ ಬಿದ್ದ.

ಮಣ್ಣು ಮಾಡಿ ಬಂದ ವಾರದಲ್ಲೇ ಗ್ಲೌಸ್ ಕಾಣೆಯಾಯಿತು. ಲೊರೆಟ್ಟಾ ಬಚ್ಚಿಟ್ಟಿದ್ದಾಳೆ ಎಂದು ಹಾರ್ಲನ್, ಹಾರ್ಲನ್ ಎಲ್ಲೋ ಎಸೆದಿದ್ದಾನೆ ಎಂದು ಲೊರೆಟ್ಟಾ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಆ ಮನೆಯಲ್ಲಿ ಉಣ್ಣುವುದೂ ನಿಂತಿತ್ತು, ಮಲಗುವುದೂ ನಿಂತಿತ್ತು. ಕೊನೆಗೆ ಅವಳು ಅರಿಜೋನಾದಲ್ಲಿದ್ದ ತಂಗಿಯ ಮನೆಗೆ ಹೊರಟಳು. ಹೊರಡುವ ದಿನ ಹಾರ್ಲನ್ ಬಾಗಿಲಲ್ಲೇ ಅವಳ ಪೆಟ್ಟಿಗೆ ತೆಗೆಸಿ, ಬಟ್ಟೆಯನ್ನೆಲ್ಲ ಹೊರಗೆ ಹಾಕಿ ಹುಡುಕಿದ. ಗ್ಲೌಸ್ ಇರಲಿಲ್ಲ. ಅವಳು ಬಟ್ಟೆ ಮಡಿಸಿಟ್ಟುಕೊಂಡು ಹೋದಳು. ಆಮೇಲೆ ಇಬ್ಬರೂ ಒಬ್ಬರ ದನಿ ಒಬ್ಬರು ಕೇಳಲಿಲ್ಲ.

ಈಗ ಆ ಗ್ಲೌಸ್ ನನ್ನ ಪರದೆಯ ಮೇಲಿತ್ತು. ಮಾರುವವನಿಗೆ ಬರೆದು ಕೇಳಿದೆ. ಮಸ್ಕಟೀನ್‌ನ ಒಂದು ಮನೆಯ ನೆಲಮಾಳಿಗೆ ಖಾಲಿ ಮಾಡುವಾಗ ಸಿಕ್ಕ ಸಾಮಾನು ಎಂದ. ಅದು ಹಾರ್ಲನ್‌ನ ಅಕ್ಕ ಬರ್ನೀಸಳ ಮನೆ. ಅವಳು ಹಿಂದಿನ ಶರತ್ಕಾಲದಲ್ಲಿ ತೀರಿಕೊಂಡಿದ್ದಳು, ಮಗ ಹಳೆಯದನ್ನೆಲ್ಲ ಒಟ್ಟಿಗೆ ಮಾರಿಬಿಟ್ಟಿದ್ದ. ತಮ್ಮನ ಕಣ್ಣಿಗೆ ಬಿದ್ದರೆ ಸಂಕಟವಾದೀತೆಂದು ಆ ವಾರವೇ ಎತ್ತಿಕೊಂಡು ಹೋಗಿದ್ದಳೇನೋ. ಆಮೇಲೆ ಜಗಳ ಬೆಳೆದದ್ದು ಕಂಡು ಬಾಯಿ ಬಿಡಲು ಹೆದರಿದಳೇನೋ. ಈಗ ಯಾರನ್ನು ಕೇಳುವುದು? ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಯಿತು ಇವರ ಬಾಳು.

"ಹಾಗಾದ್ರೆ ಅವಳು ತಗೊಂಡಿರ್ಲಿಲ್ಲ," ಅಂದ ಹಾರ್ಲನ್. ಅವನ ಮುಖ ನೋಡಲು ನನ್ನಿಂದಾಗಲಿಲ್ಲ.

ಹರಾಜು ಮುಗಿಯುವುದು ಭಾನುವಾರ ಮಧ್ಯಾಹ್ನ. ಚರ್ಚ್ ಮುಗಿಸಿಕೊಂಡು ಅದೇ ಕೋಟಿನಲ್ಲಿ ಬಂದು ನನ್ನ ಪಕ್ಕ ಕುಳಿತ. "ನಿನ್ನ ಕಣ್ಣಿಗೆ ಎಷ್ಟಾಗುತ್ತೆ ಹೇಳು," ಅಂದ.

"ನಿನ್ನ ಮುಖ ನೋಡಿ ಹೇಳ್ಲೋ, ತೊಗಲು ನೋಡಿ ಹೇಳ್ಲೋ?"

"ತೊಗಲು ನೋಡಿ ಹೇಳು."

"ಮುದ್ರೆ ಚೆನ್ನಾಗಿದೆ. ಚೆಂಡು ಕೂರೋ ಗುಳಿ ಕೂಡ ಗಟ್ಟಿಯಾಗಿದೆ. ದಾರ ಹಾಳು. ಇನ್ನೂರು ಡಾಲರ್. ಎಳೆದಾಡಿದ್ರೆ ಮುನ್ನೂರು."

ಕೂಗುವವರ ಹೆಸರು ಅಲ್ಲಿ ಕಾಣುವುದಿಲ್ಲ. ಯಾರೋ ಕೂಗಿದರು, ಬೆಲೆ ಏರಿತು ಅನ್ನುವುದಷ್ಟೇ ಗೊತ್ತಾಗುತ್ತದೆ. ಹಾರ್ಲನ್ ಕೂಗತೊಡಗಿದ. ಇನ್ನೂರು ಬಂತು, ದಾಟಿತು. ಮುನ್ನೂರು ದಾಟಿತು. ನಾಲ್ಕು ನೂರರ ತನಕ ಯಾರು ಯಾರೋ ಇದ್ದರು, ಆಮೇಲೆ ಹಾರ್ಲನ್‌ಗೆ ಎದುರಾಗಿ ಒಬ್ಬರೇ ಉಳಿದರು. ಇವನು ಐವತ್ತು ಏರಿಸಿದರೆ ಆ ಕಡೆಯಿಂದ ತಕ್ಷಣ ಐವತ್ತು. ಏಳು ನೂರಾಯಿತು. ಎಂಟು ನೂರೈವತ್ತಾಯಿತು.

"ಇದಕ್ಕೆ ಬುದ್ಧಿಯಿರೋರು ಯಾರೂ ಇಷ್ಟು ಕೊಡಲ್ಲ," ಅಂದೆ.

"ಅದೇ ನಾನೂ ಯೋಚಿಸ್ತಿರೋದು." ಹಾರ್ಲನ್ ಕೈ ಹಿಂದಕ್ಕೆ ತೆಗೆದುಕೊಂಡ. "ಅದು ಲೋರಿ."

"ಏನಂದೆ?"

"ಲೋರಿ ಕಣೆ. ಜಗಿದ ದಾರಕ್ಕೆ ಇಷ್ಟು ಕೊಡೋರು ಭೂಮಿ ಮೇಲೆ ಇಬ್ರೇ. ಒಬ್ಬ ಇಲ್ಲಿ ಕೂತಿದೀನಿ."

"ಹುಚ್ಚಪ್ಪ, ಜಪಾನಿನೋರೂ ಆಗಿರಬಹುದು. ಈ ಮಾದರಿ ಅಂದ್ರೆ ಅವರಿಗೆ ಪ್ರಾಣ. ಎಡಗೈಯೋರದು ಅಂದ್ರೆ ಇನ್ನೂ ಅಪರೂಪ. ಕೂಗು, ಇನ್ನೂ ಹೊತ್ತಿದೆ."

"ಅವಳು ಹುಡುಕೋದು ಬಿಡೋಳಲ್ಲ. ನಂಗೊತ್ತು." ಕುರ್ಚಿಯಿಂದ ಎದ್ದ. "ಬಾಗಿಲಲ್ಲಿ ನಿಲ್ಲಿಸಿ ಅವಳ ಪೆಟ್ಟಿಗೆ ತೆಗೆಸಿದೋನು ನಾನು. ಇವತ್ತು ಅವಳ ಮೇಲೆ ಏರಿಸಿ ಕೂಗ್ಲಾ? ಹೋಗ್ಲಿ ಬಿಡು. ಅವಳಿಗೇ ಹೋಗ್ಲಿ."

ನಾನು ಅಂದದ್ದು ಅವನ ಕಿವಿಗೆ ಬೀಳಲಿಲ್ಲ. ಹರಾಜು ಮುಗಿಯಿತು, ಗ್ಲೌಸ್ ಆ ಕಡೆಯವರ ಪಾಲಾಯಿತು. ಹಾರ್ಲನ್ ಕಿಟಕಿಯ ಹತ್ತಿರ ನಿಂತು ಕಣ್ಣೊರೆಸಿಕೊಂಡ. ಸೋತವನ ಅಳು ಅಲ್ಲ ಅದು, ಏನನ್ನೋ ಕೊಟ್ಟವನ ಅಳು.

ಮುಂದಿನ ದಿನಗಳಲ್ಲಿ ಅವನು ಬೇರೆಯೇ ಮನುಷ್ಯನಾದ. ಗಡ್ಡ ಬೋಳಿಸಿಕೊಂಡು ಬರುತ್ತಿದ್ದ. ಬರುವಾಗ ಡೋನಟ್ ತರುತ್ತಿದ್ದ. "ಈಗ ಅವಳ ಮನೆ ತಲುಪಿರುತ್ತೆ," ಅನ್ನುತ್ತಿದ್ದ. "ಮೊದಲು ಮೂಸಿ ನೋಡಿರ್ತಾಳೆ, ನಂಗೊತ್ತು." ಎಷ್ಟೋ ವರ್ಷಗಳ ಮೇಲೆ ಹೆಂಡತಿಯ ವಿಷಯವನ್ನು ಸಿಟ್ಟಿಲ್ಲದೆ ಆಡುತ್ತಿದ್ದ.

ನಾನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆ. ಯಾಕೆಂದರೆ ನನಗೆ ನಿಜ ಗೊತ್ತಾಗಿತ್ತು. ಹಾರ್ಲನ್‌ನ ಮಾತು ನಂಬಿ ನಾನೂ, ಕೊಂಡವರು ಅದಕ್ಕೆ ಎಣ್ಣೆ ಹಚ್ಚದಿರಲಿ, ಹಚ್ಚಿದರೆ ಒಳಗಿನ ಬೆರಳ ಗುರುತು ಮೆತ್ತಗಾಗಿ ಹೋಗುತ್ತದೆ, ಆ ಹೆಂಗಸಿಗೆ ಇಷ್ಟು ತಿಳಿಸು ಎಂದು ಮಾರಿದವನಿಗೆ ಬರೆದಿದ್ದೆ. "ಯಾವ ಹೆಂಗಸು?" ಎಂದು ಅವನು ಕೇಳಿದ. ಗ್ಲೌಸ್ ಜಪಾನಿನ ಒಸಾಕಾದ ಒಬ್ಬ ಸಂಗ್ರಹಕಾರನಿಗೆ ಹೋಗಿತ್ತು. ಎರಡು ಪಟ್ಟು ಕೊಡುತ್ತೇವೆ, ತಿರುಗಿ ಕೊಡಿ ಎಂದು ಅವನಿಗೂ ಬರೆಸಿದೆ. ತಾನು ಒಮ್ಮೆ ಕೊಂಡದ್ದನ್ನು ಮಾರುವುದಿಲ್ಲವೆಂದು ಬಹಳ ಮರ್ಯಾದೆಯಿಂದ ಉತ್ತರ ಬಂತು. ಇದನ್ನು ಹಾರ್ಲನ್‌ಗೆ ಹೇಗೆ ಹೇಳಲಿ? ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಮುಂದೂಡುತ್ತಲೇ ಇದ್ದೆ.

ಒಂದು ಬೆಳಿಗ್ಗೆ ಹಾರ್ಲನ್ ಎದುರಿಗೆ ಕುಳಿತಿದ್ದಾಗಲೇ ಫೋನ್ ಬಂತು. ನನ್ನ ಎರಡು ಕೈಯೂ ಎಣ್ಣೆಯಾಗಿದ್ದವು. ಮೊಣಕೈಯಿಂದ ಒತ್ತಿ ಸ್ಪೀಕರ್ ಹಾಕಿದೆ.

"ನೆಡ್ರಾ, ನಾನು ಲೊರೆಟ್ಟಾ. ಇನ್ನೂ ಬದುಕಿದೀಯಲ್ಲ ಮಾರಾಯ್ತಿ?"

ಹಾರ್ಲನ್ ಕುಳಿತಲ್ಲೇ ನೆಟ್ಟಗಾದ. ನಾನು ಫೋನಿನತ್ತ ಕೈ ಚಾಚಿದೆ. ಬೇಡ ಎಂದು ಅವನು ಸನ್ನೆ ಮಾಡಿದ.

"ಒಂದು ಕೇಳಬೇಕಿತ್ತು," ಅಂದಳು. ದನಿ ಮುದಿಯಾಗಿತ್ತು, ಆದರೆ ಅದೇ ಅವಸರ. "ಕಿಪ್‌ದು ಗ್ಲೌಸು ಹರಾಜಿಗೆ ಬಂದಿತ್ತಲ್ಲ, ಹಾರ್ಲನ್‌ಗೆ ಸಿಕ್ತಾ? ನೀನೇ ತೋರಿಸಿರ್ತೀಯ ಅವನಿಗೆ, ಗೊತ್ತು ನಂಗೆ. ನಾನೂ ಕೂಗ್ತಿದ್ದೆ. ನಾಲ್ಕು ನೂರು ಆದಾಗ, ಇದು ಅವನೇ, ಇನ್ಯಾರು ಅದಕ್ಕೆ ಇಷ್ಟು ಕೊಡ್ತಾರೆ ಅನ್ನಿಸ್ತು. ಅವನು ಕೊಳ್ತಿದಾನೆ ಅಂದ್ರೆ ಅವನ ಹತ್ರ ಇರ್ಲಿಲ್ಲ ಅಂತ ತಾನೆ? ಇಷ್ಟು ವರ್ಷ ಅವನೇ ಎಸೆದ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ನಾಚಿಕೆ ಆಯ್ತು ಕಣೆ. ಬಿಟ್ಟುಬಿಟ್ಟೆ. ಅವನಿಗೇ ಸಿಗ್ಲಿ ಅಂತ."

ಹಾರ್ಲನ್ ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿದೆ. ಗ್ಲೌಸ್ ಅವಳ ಹತ್ತಿರವೂ ಇಲ್ಲ, ತನ್ನ ಹತ್ತಿರವೂ ಇಲ್ಲ ಎನ್ನುವುದು ಅವನಿಗೆ ಆಗಲೇ ಅರ್ಥವಾಯಿತು. ಅವನ ಗಲ್ಲ ನಡುಗಿತು. ಅವನು ಹೀಗೆ ನಡುಗಿದ್ದನ್ನು ನಾನು ಸ್ಮಶಾನದಲ್ಲಿ ಒಮ್ಮೆ ಕಂಡಿದ್ದೆ.

"ನೆಡ್ರಾ? ಸಿಕ್ತೋ ಇಲ್ವೋ ಅಷ್ಟು ಹೇಳೇ."

ಹಾರ್ಲನ್ ಮೇಜಿನ ಮೇಲಿನ ಫೋನನ್ನು ಹತ್ತಿರಕ್ಕೆ ಎಳೆದುಕೊಂಡ. "ಸಿಕ್ತು ಲೋರಿ," ಅಂದ.

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಹಾರ್ಲನ್?"

"ಹೂಂ. ನಾನೇ. ಸಿಕ್ತು. ಮನೇಲಿದೆ."

ಅವಳು ಅತ್ತಳು. ತಡೆದುಕೊಂಡು, "ಆ ಪೆಟ್ಟಿಗೆ ವಿಷಯಕ್ಕೆ ನಿನ್ನ ಮೇಲೆ ಬಹಳ ಸಿಟ್ಟಿತ್ತು," ಅಂದಳು.

"ಇರಬೇಕಾದ್ದೇ."

"ಈಗಿಲ್ಲ. ಕೇಳು, ಮೇ ತಿಂಗಳಲ್ಲಿ ನಾನು ಅಲ್ಲಿಗೆ ಬರ್ಲಾ? ಒಂದ್ಸಲ ಕೈ ಹಾಕಿ ನೋಡಿ ಹೋಗ್ತೀನಿ. ಕೊಡು ಅಂತ ಕೇಳಲ್ಲ, ತಗೊಂಡು ಹೋಗಲ್ಲ."

"ಬಾ," ಅಂದ. "ಖಂಡಿತ ಬಾ."

ಫೋನ್ ಇಟ್ಟ ಮೇಲೆ ನಾನು ಒಸಾಕಾದ ಸಂಗತಿಯನ್ನೆಲ್ಲ ಹೇಳಿದೆ. ಮುಚ್ಚಿಟ್ಟಿದ್ದಕ್ಕೆ ಬೈಯುತ್ತಾನೆ ಅಂದುಕೊಂಡಿದ್ದೆ, ಬೈಯಲಿಲ್ಲ. ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, "ಅದೇ ಥರದ್ದು ಇನ್ನೊಂದು ಹುಡುಕಿಕೊಡು," ಅಂದ.

"ಅದೇ ಮಾದರಿ ಸಿಗುತ್ತೆ. ಎಡಗೈಯೋರದ್ದೂ ಹುಡುಕಿದ್ರೆ ಸಿಗುತ್ತೆ. ಆದ್ರೆ ಅವಳು ತಾಯಿ ಕಣೋ. ಕೈ ಒಳಗೆ ಹಾಕಿದ ತಕ್ಷಣ ಗೊತ್ತಾಗಿಬಿಡುತ್ತೆ ಅವಳಿಗೆ."

"ಗೊತ್ತಾಗ್ಲಿ," ಅಂದ ಹಾರ್ಲನ್. "ಅಷ್ಟು ಹೊತ್ತಿಗೆ ಅವಳು ಮನೆ ಒಳಗೆ ಬಂದಿರ್ತಾಳಲ್ಲ."