ರಾಣಿಯ ಶಕ್ತಿ ರಾಣಿಯ ಮೇಲೆ

ಆಸ್ಪತ್ರೆಯ ಇಸ್ತ್ರಿ ಕೋಣೆಯಲ್ಲಿ ಕೆಲಸಕ್ಕಿದ್ದವರು ಇಬ್ಬರೇ, ಅಕ್ಕ ಮತ್ತು ಗುಬ್ಬಿ. ಅಕ್ಕನಿಗೆ ಆ ಕೋಣೆಯಲ್ಲೇ ಕೂದಲು ನೆರೆತಿತ್ತು. ಗುಬ್ಬಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಆಳು ಸಣ್ಣಗಿದ್ದಾಳೆಂದು ಅಕ್ಕನೇ ಇಟ್ಟ ಹೆಸರು ಅದು. ಭಾನುವಾರ ಇಬ್ಬರಲ್ಲಿ ಒಬ್ಬರು ಬಂದರೆ ಸಾಕು. ಯಾರು ಅನ್ನುವುದನ್ನು ನೀವೇ ಬಗೆಹರಿಸಿಕೊಳ್ಳಿ ಎಂದು ಮೇಲಿನವರು ಕೈತೊಳೆದುಕೊಂಡಿದ್ದರು. ಸರಿ, ಇವರು ಪ್ರತಿ ಶುಕ್ರವಾರ ಊಟ ಮುಗಿಸಿ, ಹಾಸುಬಟ್ಟೆ ಮಡಿಸುವ ಮೇಜಿನ ಒಂದು ಮೂಲೆ ಖಾಲಿ ಮಾಡಿ ಕಾರ್ಡ್ ಆಡುತ್ತಿದ್ದರು. ಸೋತವರಿಗೆ ಭಾನುವಾರದ ಇಸ್ತ್ರಿ.

ಇಸ್ಪೀಟಲ್ಲ ಮತ್ತೆ. ಮಕ್ಕಳ ವಾರ್ಡಿನವರು ಹಳತಾಯಿತೆಂದು ಕೊಟ್ಟ ಚಿತ್ರದ ಕಾರ್ಡುಗಳು. ವೈದ್ಯ, ಕಾವಲುಗಾರ, ರಾಣಿ, ಕಳ್ಳಿ, ಹೀಗೆ ಒಂದೊಂದಕ್ಕೂ ಒಂದೊಂದು ಶಕ್ತಿ. ರಾಣಿಯ ಶಕ್ತಿ ಬಳಸಿದರೆ ಎದುರಾಳಿಯ ಮುಂದಿರುವ ಅತಿ ದೊಡ್ಡ ಕಾರ್ಡು ಬೀಳುತ್ತದೆ; ಮುಂದಿನ ಕಾರ್ಡೆಲ್ಲ ಬಿದ್ದವರು ಸೋತ ಹಾಗೆ. ಕಳ್ಳಿಗೆ ಸ್ವಂತದ್ದೇನೂ ಇಲ್ಲ; ಎದುರಾಳಿಯ ಯಾವ ಕಾರ್ಡಿನ ಶಕ್ತಿಯನ್ನಾದರೂ ಒಂದು ಸಲ ಕದ್ದು ಬಳಸಬಹುದು. ನಿಯಮದ ಹಾಳೆಯೂ ಇತ್ತು. ಅದು ಯಾರದೋ ಸಮವಸ್ತ್ರದ ಜೇಬಿನಲ್ಲಿ ಉಳಿದು, ಒಗೆಯುವ ಯಂತ್ರದಲ್ಲಿ ಸುತ್ತಿ ಸುತ್ತಿ ಹಿಟ್ಟಾಗಿ ಬಂತು. ಬಟ್ಟೆ ಒಗೆಯುವವರಿಗೇ ಜೇಬು ನೋಡುವ ಬುದ್ಧಿ ಇಲ್ಲ ಅಂದರೆ ಏನು ಹೇಳೋಣ! ಅಲ್ಲಿಂದೀಚೆಗೆ ಅಕ್ಕ ಹೇಳಿದ್ದೇ ನಿಯಮ. ತನಗೆ ಬೇಕಾದ ಹಾಗೆ ಒಂದು ದಿನವೂ ಹೇಳಿದವಳಲ್ಲ, ಹಾಗಾಗಿ ಯಾರೂ ತಕರಾರು ಎತ್ತುತ್ತಿರಲಿಲ್ಲ.

ಆ ಶುಕ್ರವಾರ ಗುಬ್ಬಿ ಗೆಲ್ಲಲೇಬೇಕಿತ್ತು. ಅವಳ ಗಂಡ ಹಡಗಿನಲ್ಲಿ ಅಡುಗೆಯವನು. ಭಾನುವಾರ ಬೆಳಿಗ್ಗೆ ಹಡಗು ಬಂದರಿಗೆ ಬಂದು ರಾತ್ರಿಯೇ ಹೊರಡುವುದಿತ್ತು. ಮತ್ತೆ ಅವನ ಮುಖ ಕಾಣುವುದು ಮುಂದಿನ ವರ್ಷ. ಈ ಸಲ ಬಿಟ್ಟುಕೊಡಿ ಅಂತ ಅಕ್ಕನನ್ನು ಕೇಳಬಹುದಿತ್ತಲ್ಲ ಅಂತೀರಾ? ಯಾವ ಮುಖ ಇಟ್ಟುಕೊಂಡು ಕೇಳುವುದು? ಕೈ ಸುಟ್ಟುಕೊಂಡಾಗ ಮುಲಾಮು ಹಚ್ಚಿದವಳು ಅಕ್ಕ. ಇವಳು ಸುಟ್ಟು ಹಾಕಿದ ಹಾಸುಬಟ್ಟೆಗಳ ಬೈಗುಳವನ್ನೆಲ್ಲ ತನ್ನ ತಲೆಗೆ ಹಾಕಿಕೊಂಡವಳೂ ಅಕ್ಕ. ಮೇಲಾಗಿ ಅದೇ ಭಾನುವಾರ ಅಕ್ಕನ ಮಗಳು ಕೂಸನ್ನು ಮೊದಲ ಸಲ ಕರೆದುಕೊಂಡು ಬರುವವಳಿದ್ದಳು, ಸಂಜೆಗೆ ಹೊರಟೂಬಿಡುವವಳು. ವಾರವಿಡೀ ಅಕ್ಕನ ಬಾಯಲ್ಲಿ ಅದೇ ಮಾತು.

ಆಟ ಕೊನೆಗೆ ಬಂತು. ಅಕ್ಕನ ಮುಂದೆ ಉಳಿದವಳು ರಾಣಿ ಒಬ್ಬಳೇ. ಗುಬ್ಬಿಯ ಕೈಯಲ್ಲಿ ಬರೀ ಕಳ್ಳಿ, ಅದನ್ನೂ ಇಡದೆ ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಏನಾಯಿತೆಂದು ಅಕ್ಕ ವಿಚಾರಿಸಿದಳು, ಗುಬ್ಬಿ ಏನಿಲ್ಲವೆಂದು ತಲೆಯಾಡಿಸಿದಳು. ಪಕ್ಕದಲ್ಲೇ ಗಾಡಿ ಅಣ್ಣ ಆಟ ನೋಡುತ್ತ ನಿಂತಿದ್ದ. ವಾರ್ಡುಗಳಿಂದ ಬಟ್ಟೆಯ ಗಾಡಿ ತಳ್ಳಿಕೊಂಡು ಬರುವವನು, ಜೊತೆಗೆ ಊರ ಸುದ್ದಿಯನ್ನೂ. ಅವನ ಬಾಯಿಗೆ ಬೀಗ ಎಲ್ಲಿದೆ?

"ಭಾನುವಾರ ಇವಳ ಗಂಡನ ಹಡಗು ಬರ್ತಿದೆ, ಒಂದೇ ದಿನ. ಅದಕ್ಕೇ ಈ ಒದ್ದಾಟ," ಅಂದುಬಿಟ್ಟ.

ಅಕ್ಕ ತಲೆ ಎತ್ತಲಿಲ್ಲ. ಆಡು ಅಂದಳು.

ಗುಬ್ಬಿ ಕಳ್ಳಿಯನ್ನು ಇಟ್ಟಳು. "ಅಕ್ಕಾ, ನಿಮ್ಮ ರಾಣಿ ಶಕ್ತಿ ನಾನು ಕದ್ರೆ, ನಿಮ್ಮ ರಾಣಿನೇ ಬೀಳ್ತಾಳಾ?"

ಉತ್ತರ ಅವಳಿಗೆ ಗೊತ್ತಿತ್ತು. ಹೋದ ವಾರ ಟೀ ಪಣಕ್ಕಿಟ್ಟು ಆಡಿದ ಗಾಡಿ ಅಣ್ಣ ಇದೇ ಪ್ರಶ್ನೆ ಕೇಳಿದ್ದ. ಯಾರ ಶಕ್ತಿಯೂ ಅವರ ಮೇಲೇ ತಿರುಗುವುದಿಲ್ಲ ಎಂದು ಅಕ್ಕ ಖಡಾಖಂಡಿತವಾಗಿ ಹೇಳಿದ್ದಳು, ಅವನು ಸೋತು ಎಲ್ಲರಿಗೂ ಟೀ ಕುಡಿಸಿದ್ದ. ಆದರೂ ಕೇಳಿದಳು, ಪಾಪ, ಆಸೆ.

ಅಕ್ಕ ರಾಣಿಯನ್ನು ಬೆರಳಿನಿಂದ ಮುಂದಕ್ಕೆ ತಳ್ಳಿದಳು. "ಬೀಳ್ತಾಳೆ. ಕದ್ದ ಮೇಲೆ ಶಕ್ತಿ ಕದ್ದೋಳದು. ಎದುರಾಳಿ ಅಂದ್ರೆ ಈಗ ನಾನೇ."

ಗಾಡಿ ಅಣ್ಣನಿಗೆ ಮೈಯೆಲ್ಲ ಉರಿಯಿತು. ಹೋದ ವಾರ ತನಗೊಂದು ನ್ಯಾಯ, ಈ ವಾರ ಇವಳಿಗೊಂದು ನ್ಯಾಯವೇ ಎಂದು ಶುರು ಮಾಡಿದ. ಹೋದ ವಾರ ತಪ್ಪು ಹೇಳಿದ್ದೆ, ಕುಡಿದ ಟೀ ವಾಪಸ್ ಬೇಕಾ ಎಂದು ಅಕ್ಕ ಕೇಳಿದಳು. ರಾಣಿಯನ್ನು ತಾನೇ ಬೋರಲು ಹಾಕಿ ಇಸ್ತ್ರಿಗೆ ನಿಂತಳು. ಗುಬ್ಬಿ ಕಾರ್ಡುಗಳನ್ನು ಒಟ್ಟುಮಾಡಿ ಜೋಡಿಸಿಟ್ಟಳು. ಉಪಕಾರವಾಯಿತು ಅಂದರೆ, ಬೇಕಂತಲೇ ಸೋತಿರಿ ಎಂದು ಮುಖಕ್ಕೇ ಹೇಳಿದ ಹಾಗಾಗುತ್ತಿತ್ತು.

ಭಾನುವಾರ ಬಂದರಿನಲ್ಲಿ ಗಂಡನ ಕೈ ಹಿಡಿದವಳೇ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದಳು. ಅವನು ಕೇಳಿಸಿಕೊಂಡು, ಚೀಲ ಹೆಗಲಿಗೇರಿಸಿ, "ನಡಿ ಮತ್ತೆ. ಹಡಗಲ್ಲಿ ನನ್ನ ಅಂಗಿಗೆ ಇಸ್ತ್ರಿ ಯಾರು ಹಾಕ್ತಾರೆ ಅಂದ್ಕೊಂಡಿದ್ದೀಯ?" ಅಂದ.

ಮಧ್ಯಾಹ್ನ ಇಬ್ಬರೂ ಇಸ್ತ್ರಿ ಕೋಣೆಯ ಬಾಗಿಲಲ್ಲಿ ನಿಂತಾಗ ಅಕ್ಕನಿಗೆ ಸಿಟ್ಟು ಬಂತು. ಇರುವುದೊಂದು ದಿನ, ಅದನ್ನು ಇಲ್ಲಿ ಸುಡುವುದಕ್ಕೆ ಬಂದಿರಾ ಎಂದು ಗದರಿದಳು. ಯಾವ ನಿಯಮದಲ್ಲಿದೆ ಇದು ಎಂದಳು.

"ಕಳ್ಳಿ ನಿಯಮ ಅಕ್ಕಾ," ಅಂದಳು ಗುಬ್ಬಿ. "ಎದುರಿಗಿರೋರನ್ನ ಗೆಲ್ಲಿಸೋ ಶಕ್ತಿ ನಿಮ್ಮದು. ಅದನ್ನ ಕದ್ದಿದ್ದೀನಿ. ಕದ್ದ ಶಕ್ತಿ ಒಡತಿ ಮೇಲೂ ತಿರುಗುತ್ತೆ, ನೀವೇ ಹೇಳಿದ್ದು. ನೀವು ಮಾಡಿದ್ದನ್ನ ನಾನು ಬದುಕಿರೋವರೆಗೂ ಮರೆಯಲ್ಲ. ಕೂಸು ಸಂಜೆ ಹೊರಟುಬಿಡುತ್ತೆ, ಹೋಗಿ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಸೆಖೆ ಅಂದಳು. ಚೀಲ ತೆಗೆದುಕೊಂಡು ಬಾಗಿಲು ದಾಟಿದವಳು ತಿರುಗಿ ಬಂದು ಇಸ್ತ್ರಿಪೆಟ್ಟಿಗೆಯ ಕಾವನ್ನು ಒಂದು ಹಂತ ತಗ್ಗಿಸಿದಳು. ಇವಳು ಹಾಸುಬಟ್ಟೆ ಸುಡುತ್ತಾಳೆ, ಒಂದು ಕಣ್ಣಿಟ್ಟಿರಪ್ಪ ಎಂದು ಗಂಡನಿಗೆ ಹೇಳಿ, ಬಿರಬಿರನೆ ಮನೆಯ ಕಡೆ ನಡೆದಳು.