ಕೊಟ್ಟಿಗೆ ಗೋಡೆಯ ಮಣ್ಣು

"ಪ್ರೊಫೆಸರ ಸಾಹೇಬರು ನಮ್ಮ ಮಣ್ಣಿನ ನೀರಿದ್ದ ಗಾಜಿನ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಪಕ್ಕದ ಕೋಣೆಯವರನ್ನೂ ಕರೆದರು," ಎಂದು ಓದಿ ಸೋಮನಿಂಗಪ್ಪ ಮಾಸ್ತರರು ಕನ್ನಡಕ ಸರಿಪಡಿಸಿಕೊಂಡರು. ಎದುರಿಗೆ ಜೋಳ ಕೇರುತ್ತಿದ್ದ ಗೌರವ್ವನ ಕೈಯಲ್ಲಿ ಮೊರ ಹಾಗೇ ನಿಂತಿತು.

ಕಾಗದ ಜರ್ಮನಿಯಿಂದ ಬಂದಿತ್ತು. ಪುಣೆಯಲ್ಲಿ ಒಕ್ಕಲುತನದ ವಿದ್ಯೆ ಕಲಿಯುತ್ತಿದ್ದ ಅವಳ ತಮ್ಮ ಅಣ್ಣಾರಾಯ ಇನ್ನೂ ಹನ್ನೊಂದು ಹುಡುಗರ ಸಂಗಡ ಹಡಗು ಹತ್ತಿ ಹೋಗಿ ಎರಡು ತಿಂಗಳಾಗಿತ್ತು. ಅಲ್ಲಿಯ ವಿಶ್ವವಿದ್ಯಾಲಯಗಳ ಪ್ರಯೋಗಶಾಲೆ ನೋಡಿ ಬರುವುದು ಅವರ ಕೆಲಸ. ಒಬ್ಬೊಬ್ಬರೂ ತಮ್ಮ ಹೊಲದ ಒಂದು ಹಿಡಿ ಮಣ್ಣು ಒಯ್ಯಬೇಕೆಂದು ಕಾಲೇಜಿನವರು ಮೊದಲೇ ಹೇಳಿದ್ದರು. ತಮ್ಮೂರು ಸೊರಡಿಯ ಮಣ್ಣಿನಲ್ಲಿ, ಮದ್ದಿಗೆ ಹಾಕುವ ಪೆಟ್ಲುಪ್ಪು ಕಂಡಾಪಟ್ಟೆ ಇದೆಯಂತೆ. ಬಯಲು ಹೊಲಕ್ಕೆ ಅದು ಎಲ್ಲಿಂದ ಬಂತೆಂದು ಅಲ್ಲಿಯವರಿಗೆಲ್ಲ ಸೋಜಿಗವಂತೆ. ಬರುವ ತಿಂಗಳ ಹತ್ತನೆಯ ತಾರೀಖಿಗೆ ಅಣ್ಣಾರಾಯ ಆ ಪಂಡಿತರ ಮುಂದೆ ನಿಂತು ತನ್ನ ಹೊಲದ ವಿಷಯ ಮಾತಾಡಬೇಕು. ಕಪ್ಪು ಮಣ್ಣು ಎಷ್ಟು ಆಳಕ್ಕಿದೆ, ಅದರ ಕೆಳಗೆ ಏನಿದೆ, ಅಕ್ಕ ನೋಡಿ ಲಗುಬಗೆಯಿಂದ ಬರೆಸಬೇಕು.

ಗೌರವ್ವ ಹಿತ್ತಿಲ ಕಡೆ ಒಮ್ಮೆ ನೋಡಿದಳು. ಆದರೆ ಬಾಯಿಗೆ ಬಂದದ್ದು ಬೇರೆ ಮಾತು.

"ಮಾಸ್ತರ, ಮಣ್ಣಿನ ಹೊಟ್ಟ್ಯಾಗ ಏನೈತಿ ಅಂತ ಅವ್ರಿಗಿ ಹ್ಯಾಂಗ ತಿಳೀತೈತ್ರಿ?"

ಮಾಸ್ತರರು ಕಾಗದದಲ್ಲಿದ್ದುದನ್ನೇ ಬಿಡಿಸಿ ಹೇಳಿದರು. ಮಣ್ಣನ್ನು ನೀರಲ್ಲಿ ಕದಡುತ್ತಾರೆ, ಕಾಗದದಲ್ಲಿ ಸೋಸುತ್ತಾರೆ, ಆ ನೀರಿಗೆ ಎರಡು ಹನಿ ಔಷಧ ಬಿಟ್ಟರೆ ಪೆಟ್ಲುಪ್ಪು ಇದ್ದಷ್ಟೂ ನೀಲಿಗೆ ತಿರುಗುತ್ತದೆ. ಉಳಿದ ಹುಡುಗರ ನಳಿಗೆ ತುಸು ನೀಲಿಯಾದರೆ ಅಣ್ಣಾರಾಯನದು ಇಳಕಲ್ಲ ಸೀರೆಯಷ್ಟು ಕಡುನೀಲಿಯಾಯಿತಂತೆ. ತೊಯ್ದ ಕಾಗದ ಹರಿಯುವುದಿಲ್ಲವೇ, ಒಂದೇ ಹನಿ ಬಿಟ್ಟರೆ ಏನಾಗುತ್ತದೆ, ಹನಿ ಬಿಡುವವರು ಯಾರು ಎಂದು ಗೌರವ್ವ ಒಂದೊಂದನ್ನೇ ಕೇಳಿದಳು. ಬಿಡುವವಳು ಒಬ್ಬ ಹುಡುಗಿ ಎಂದು ಮಾಸ್ತರರು ಹೇಳಿದಾಗ ಮೊರ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಂಗಾರ ಅಲ್ಲಿ ಸುಳ್ಳ ನಡ್ಯಾಂಗಿಲ್ಲ ಅನ್ರಿ."

ಅವಳು ಕೊಟ್ಟಿದ್ದು ಹೊಲದ ಮಣ್ಣಾಗಿರಲಿಲ್ಲ. ಆ ಸೀಮೆಯಲ್ಲಿ ಹೊಲ ಮಾರಿದವರು ಐದು ಮಂದಿಯ ಮುಂದೆ ಕೊಂಡವರ ಅಂಗೈಗೆ ಆ ಹೊಲದ ಒಂದು ಮಣ್ಣಿನ ಹೆಂಟೆ ಇಡಬೇಕು. ಇಟ್ಟರೆ ಹೊಲ ಕೈಬಿಟ್ಟಂತೆ. ಹತ್ತು ವರ್ಷದವಳಿದ್ದಾಗ ಅವಳಪ್ಪ ಹಳ್ಳದ ಹೊಲದ ಹೆಂಟೆ ಇಟ್ಟದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಮರುದಿನ ಆ ಹೊಲಕ್ಕೆ ಬುತ್ತಿ ಒಯ್ಯುವ ಕೆಲಸ ಇರಲಿಲ್ಲ. ಅಪ್ಪ ಸತ್ತ ಮೇಲೆ ಉಳಿದೊಂದು ಹೊಲವನ್ನು ತಾನೇ ಹರಗಿ, ಬಿತ್ತಿ ತಮ್ಮನನ್ನು ಓದಿಸಿದಳು. ಅವನು ಹೊರಡುವ ದಿನ ಕೈಯೊಡ್ಡಿ ಮಣ್ಣು ಕೇಳಿದಾಗ ಇಲ್ಲವೆನ್ನಲೂ ಬಾಯಿ ಬರಲಿಲ್ಲ, ಕೊಡಲೂ ಕೈ ಬರಲಿಲ್ಲ. ಹಿತ್ತಿಲಲ್ಲಿ ಬಿದ್ದಿದ್ದ ಹಳೆಯ ದನದ ಕೊಟ್ಟಿಗೆಯ ಗೋಡೆಯಿಂದ ಒಂದು ಹಿಡಿ ಉದುರಿಸಿ ಚೀಲಕ್ಕೆ ಹಾಕಿದ್ದಳು. ಮೂವತ್ತು ವರ್ಷ ದನದ ಗಂಜಳ ಕುಡಿದು ಪೆಟ್ಲುಪ್ಪು ಕಟ್ಟಿದ ಗೋಡೆ ಅದು.

ಅದನ್ನು ನೋಡಿದವನು ಚೀಲ ಹೊಲಿದುಕೊಟ್ಟ ನೆರೆಮನೆಯ ದರ್ಜಿ ರಸೂಲ ಒಬ್ಬನೇ. ತನ್ನ ಕಟ್ಟೆಯ ಮೇಲೆ ಮಷಿನ್ ತುಳಿಯುತ್ತಲೇ ಅವನು ಕಾಗದವೆಲ್ಲ ಕೇಳಿಸಿಕೊಂಡಿದ್ದ.

"ನನಗ ಹಜ್ಜಿಗಿ ಹೋಗೂದ ಆಗಿಲ್ಲ, ಅಕ್ಕಾ," ಎಂದ, ತಲೆ ಎತ್ತದೆ. "ನಿನ್ನ ಕೊಟಗಿ ಗ್ವಾಡಿ ನೋಡ, ಹಡಗ ಹತ್ತಿ ಹೋತು."

ಮಾಸ್ತರರು ಇಬ್ಬರ ಮುಖವನ್ನೂ ನೋಡಿದರು. ಗೌರವ್ವ ನಡೆದದ್ದನ್ನು ಹೇಳಿದಳು. ಅವರು ಬಹಳ ಹೊತ್ತು ಕಾಗದವನ್ನು ಮಡಚಿ ಬಿಚ್ಚಿ ಮಾಡಿದರು. ಬರೆಯದೆ ಸುಮ್ಮನಿದ್ದರೆ ಹುಡುಗನ ಹೆಸರು ದೊಡ್ಡದಾಗುತ್ತದೆ, ಅಷ್ಟು ದೂರದಿಂದ ಯಾರು ಬಂದು ನೋಡುತ್ತಾರೆ ಎಂದು ಮೆಲ್ಲಗೆ ಅಂದರು.

"ಯಾರೂ ಬರೂದು ಬ್ಯಾಡ್ರಿ. ಆ ಹುಡುಗಿ ಇನ್ನೆರಡ ಹನಿ ಬಿಟ್ಳಂದ್ರ ಸಾಕು," ಎಂದಳು ಗೌರವ್ವ. "ನನ್ನ ತಮ್ಮ ನಾಕ ಮಂದ್ಯಾಗ ನಿಂತು ಗ್ವಾಡೀನ ಹೊಲಾ ಅಂತಾನ. ಬರೀರಿ, ಅದು ಕೊಟಗಿ ಮಣ್ಣು ಅಂತ. ಯಾಕ ಹಂಗ ಮಾಡ್ದೆ ಅನ್ನೂದೂ ಬರೀರಿ. ಹೊಲದ್ದ ಬ್ಯಾರೆ ಕಳಸ್ತೀನಿ. ಅದು ಕೊಟ್ಟದ್ದಲ್ಲ, ತೋರಸಾಕ ಕಳಿಸಿದ್ದು. ಉಳದದ್ದ ತಿರುಗಿ ತಾ ಅನ್ರಿ."

ಮಾಸ್ತರರು ನಗಲಿಲ್ಲ. ಅವಳು ಹೇಳಿದಂತೆಯೇ ಬರೆದು, ಆಳದ ಅಳತೆಗೆ ಒಂದು ಸಾಲು ಖಾಲಿ ಬಿಟ್ಟರು.

ಮರುದಿನ ಬೆಳಿಗ್ಗೆ ಗೌರವ್ವ ಗುದ್ದಲಿ, ಹಾರೆ ಹಿಡಿದು ಹೊಲಕ್ಕೆ ಹೋದಳು. ರಸೂಲ ಹೊಸ ಚೀಲ ಹಿಡಿದು, ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು ಹಿಂದೆಯೇ ಬಂದ. ಹೊಲಕ್ಕೆ ಅಂಗಿ ಹೊಲಿಯುತ್ತೀಯಾ ಎಂದು ಬದುವಿನ ಮೇಲಿದ್ದವರು ಕೇಳಿದರು. ಮಣ್ಣು ತುಂಬುವಾಗ ಅವನು ಅಂಗೈ ಒಡ್ಡದೆ, ಚೀಲದ ಬಾಯಿ ಬಿಡಿಸಿ ನೆಲದ ಮೇಲಿಟ್ಟು ಹಿಂದೆ ಸರಿದು ನಿಂತ.

ಚೀಲ ತುಂಬಿದ ಮೇಲೂ ಗೌರವ್ವ ಅಗೆಯುವುದನ್ನು ಬಿಡಲಿಲ್ಲ. ಮೊಣಕಾಲ ಆಳಕ್ಕೆ ಕಪ್ಪು ಹೋಗಿ ಕಂದಾಯಿತು. ಇನ್ನೊಂದು ಗೇಣು ಹೋದರೆ ಬಿಳಿಯ ಸುಣ್ಣದ ಹರಳು ಸಿಕ್ಕವು, ಅವುಗಳ ನಡುವೆ ಎಳೆಯಂಥ ಒಂದು ಬೇರು ಇಳಿದಿತ್ತು. ರಸೂಲ ಟೇಪು ಇಳಿಬಿಟ್ಟು ಅಳತೆಯನ್ನು ಎರಡು ಸಲ ಕೂಗಿ ಹೇಳಿದ. ಗೌರವ್ವ ಕುಣಿಯ ಅಂಚಿಗೆ ಬೋರಲು ಮಲಗಿ, ತಲೆ ಒಳಗೆ ಇಳಿಸಿ, ಆ ಬೇರು ಎಲ್ಲಿಗೆ ಹೋಗಿದೆ ಎಂದು ನೋಡುತ್ತಿದ್ದಳು.